ಸ್ಲೀವ್ ಹಾಕಿದ್ಯಾ?

ನಮ್ಮ ಲ್ಯಾಬಿನಲ್ಲಿ ಆಪ್ಟಿಕಲ್ ಫೈಬರ್, ಅಂದರೆ ಬೆಳಕು ಸಾಗಿಸುವ ಗಾಜಿನ ಎಳೆಗಳನ್ನು ಬೆಸೆಯುವ ಸ್ಪ್ಲೈಸಿಂಗ್ ಮೆಷಿನ್ನಿನ ಎದುರಿನ ಗೋಡೆಗೆ ಒಂದು ಚೀಟಿ ಅಂಟಿಸಿದ್ದೇನೆ: 'ಸ್ಲೀವ್ ಹಾಕಿದ್ಯಾ?' ಹೊಸಬರು ಓದಿ ನಗುತ್ತಾರೆ. ಎರಡನೇ ವಾರಕ್ಕೆ ಆ ನಗು ಇರುವುದಿಲ್ಲ.

ಎರಡು ಫೈಬರ್ ಬೆಸೆದ ಜಾಗ ಬರೀ ಗಾಜು, ಮೈಮೇಲೆ ಹೊದಿಕೆ ಇಲ್ಲ. ಅದನ್ನು ಕಾಯುವುದು 60 ಮಿ.ಮೀ. ಉದ್ದದ ಒಂದು ಪುಟ್ಟ ಕೊಳವೆ, ಅದೇ ಸ್ಲೀವ್. ಒಳಗೊಂದು ಸ್ಟೀಲ್ ಕಡ್ಡಿ ಇರುತ್ತದೆ, ಬಿಸಿ ತಾಗಿದರೆ ಕೊಳವೆ ಕುಗ್ಗಿ ಬಿಗಿಯಾಗುತ್ತದೆ. ಇದನ್ನು ಬೆಸೆಯುವ ಮೊದಲೇ ಒಂದು ಫೈಬರಿಗೆ ಪೋಣಿಸಿಟ್ಟಿರಬೇಕು. ಮರೆತರೆ ಮುಗೀತು, ಕತ್ತರಿಸಿ ಮೊದಲಿಂದ ಶುರು. ಇಷ್ಟು ವರ್ಷ ಪಾಠ ಹೇಳಿದ ನಾನೇ ಹೋದ ತಿಂಗಳು ಮರೆತೆ. ಅದೂ ಆ ದಿನದ ಅತ್ಯಂತ ಚೆಂದದ ಜಾಯಿಂಟಿಗೆ!

ಮೆಷಿನ್ ನೋಡಿದವರೆಲ್ಲ ಕಿಡಿ ಹಾರುವ ಆ ಕೆಲವು ಸೆಕೆಂಡಿಗೆ ಕಾಯುತ್ತಾರೆ. ನನ್ನ ಕಣ್ಣಿರುವುದು ಅದಕ್ಕೂ ಮುಂಚಿನ ಎರಡು ನಿಮಿಷದ ಮೇಲೆ. ಜಾಯಿಂಟ್ ಕೆಡುವುದು ಅಲ್ಲೇ.

ಮೊದಲು ಅಳತೆ ತಿಳಿದಿರಲಿ. ಗಾಜಿನ ಎಳೆ 125 ಮೈಕ್ರಾನ್ ದಪ್ಪ (ಸಾವಿರ ಮೈಕ್ರಾನ್ ಅಂದರೆ ಒಂದು ಮಿ.ಮೀ.). ಬೆಳಕಿಗೆ ಒಂದೇ ದಾರಿ ಬಿಡುವ ಸಿಂಗಲ್ ಮೋಡ್ ಫೈಬರಿನಲ್ಲಿ ಬೆಳಕು ಹೋಗುವ ನಡುಭಾಗ ಸುಮಾರು 9 ಮೈಕ್ರಾನ್. ಬೆಸೆಯುವಾಗ ಈ ನಡುಭಾಗಗಳು ಒಂದೇ ಒಂದು ಮೈಕ್ರಾನ್ ಪಕ್ಕಕ್ಕೆ ಸರಿದರೆ, 1550 ನ್ಯಾನೋಮೀಟರ್ ತರಂಗಾಂತರದ ಬೆಳಕಿಗೆ ಸುಮಾರು 0.16 ಡಿಬಿ (ಡೆಸಿಬೆಲ್, ಬೆಳಕಿನ ನಷ್ಟದ ಅಳತೆ) ನಷ್ಟ. ಇದೇ ಬೆಳಕು ಫೈಬರಿನಲ್ಲಿ ಮುಕ್ಕಾಲು ಕಿಲೋಮೀಟರ್ ಓಡಿದರೂ ಅಷ್ಟು ಕಳೆದುಕೊಳ್ಳುವುದಿಲ್ಲ.

ಸ್ಟ್ರಿಪ್ಪರಿನಲ್ಲಿ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಮೂರು ನಾಲ್ಕು ಸೆಂಟಿಮೀಟರ್ ತೆಗೆಯಬೇಕು. ಅನುಮಾನಿಸುತ್ತಾ ಎಳೆದರೆ ಗಾಜಿಗೆ ಗೀರು ಬೀಳುತ್ತದೆ. ಸಮನಾಗಿ, ಒಂದೇ ಸಲ ಎಳೆಯಬೇಕು. ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್, ನೀರು ಬೆರೆತದ್ದಲ್ಲ, 99 ಶೇಕಡಾದ್ದು. ನೂಲು ಬಿಡದ ಒರೆಸುವ ಕಾಗದವನ್ನು ಅದರಲ್ಲಿ ಒದ್ದೆ ಮಾಡಿ ಎಳೆಯನ್ನು ಒರೆಸಿ. ಚೆನ್ನಾಗಿ ತೊಳೆದ ಸ್ಟೀಲ್ ತಟ್ಟೆ ಮೇಲೆ ಬೆರಳು ಎಳೆದರೆ ಕಿರ್ರ್ ಅನ್ನುತ್ತಲ್ಲ, ಹಾಗೇ ಗಾಜೂ ಅನ್ನಬೇಕು. ಆ ಸದ್ದು ಬಂದರೆ ಜಿಡ್ಡು ಹೋಗಿದೆ ಎಂದರ್ಥ.

ಮುಂದಿನದು ಕ್ಲೀವಿಂಗ್. ಇದು ಕತ್ತರಿಸುವ ಕೆಲಸ ಅಲ್ಲ. ಗಾಜಿನ ಅಂಗಡಿಯವನು ಕಿಟಕಿ ಗಾಜಿಗೆ ವಜ್ರದ ಮೊನೆಯಿಂದ ಗೀರು ಎಳೆದು ಲಟಕ್ಕನೆ ಮುರಿಯುತ್ತಾನಲ್ಲ, ಅದೇ ಕಲೆ. ಕ್ಲೀವರಿನ ಬ್ಲೇಡು ಗೀರುತ್ತದೆ, ಎಳೆತ ಮುರಿಯುತ್ತದೆ. ಮುರಿದ ಮುಖ ಕನ್ನಡಿಯಂತಿರಬೇಕು. ಓರೆ ಒಂದು ಡಿಗ್ರಿಯೊಳಗೆ ಇರಬೇಕು, ನಾನಂತೂ ಅರ್ಧ ಡಿಗ್ರಿ ಕೇಳುತ್ತೇನೆ. ಮೆಷಿನ್ 'ಎರಡು ಡಿಗ್ರಿ ಇದೆ' ಎಂದು ಎಚ್ಚರಿಸಿದರೂ ಬಟನ್ ಒತ್ತಿ ಮುಂದೆ ಹೋಗುವವರಿದ್ದಾರೆ. ಸುಮ್ನೆ ಟೈಮ್ ವೇಸ್ಟ್. ಕ್ಲೀವ್ ಪದೇ ಪದೇ ಕೆಡುತ್ತಿದ್ದರೆ ಬ್ಲೇಡನ್ನು ಒಂದು ಮನೆ ತಿರುಗಿಸಿ. ನಮ್ಮದರಲ್ಲಿ 16 ಮನೆಗಳಿವೆ. ಮುರಿದ ಮೇಲೆ ತುದಿಯನ್ನು ಮತ್ತೆ ಒರೆಸಲೇಬಾರದು. 'ಇನ್ನೊಂದು ಸಲ ಕ್ಲೀನ್ ಮಾಡಿದೆ ಸರ್' ಅಂದವರ ಜಾಯಿಂಟಿನಲ್ಲೇ ಗುಳ್ಳೆ ಕಂಡಿದ್ದೇನೆ.

ಮುರಿದ ಚೂರುಗಳು ಮುಚ್ಚಳದ ಡಬ್ಬಿಗೇ ಹೋಗಬೇಕು. ಎರಡು ತುದಿ ಕ್ಲೀವ್ ಮಾಡಿದರೆ ಎರಡು ಚೂರು, ಲೆಕ್ಕ ಸಿಗಬೇಕು. ಬೆರಳಿಗೆ ಚುಚ್ಚಿದರೆ ಕಣ್ಣಿಗೆ ಕಾಣುವುದಿಲ್ಲ, ನೋವು ಮಾತ್ರ ಗೊತ್ತಾಗುತ್ತದೆ. ಕನ್ನಡಕ ಕಡ್ಡಾಯ. ಹಬ್ಬದ ಮಾರನೇ ದಿನ ಬರುವ ಕೋಡುಬಳೆ ಡಬ್ಬಿಗೂ ಲ್ಯಾಬಿನ ಒಳಗೆ ಜಾಗವಿಲ್ಲ.

ಇನ್ನು ಆರ್ಕ್, ಅಂದರೆ ಬೆಸೆಯುವ ವಿದ್ಯುತ್ ಕಿಡಿ. ಟಂಗ್‌ಸ್ಟನ್ ಎಲೆಕ್ಟ್ರೋಡುಗಳ ನಡುವೆ ಮೊದಲು ಪುಟ್ಟ ಕಿಡಿ ಹಾರಿ ಧೂಳು ಸುಡುತ್ತದೆ, ಆಮೇಲೆ ತುದಿಗಳು ಕರಗಿ ಕೂಡುತ್ತವೆ. ಇಲ್ಲಿ ಗಾಳಿಯದ್ದೂ ಪಾತ್ರವಿದೆ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿದೆ, ಗಾಳಿಯ ಒತ್ತಡ ಕಡಿಮೆ. ಮಂಗಳೂರಿನಲ್ಲಿ ಸರಿಯಾಗಿದ್ದ ಆರ್ಕ್ ಇಲ್ಲಿ ಅಷ್ಟೇ ಬಿಸಿ ಕೊಡಬೇಕೆಂದಿಲ್ಲ. ಹಾಗಾಗಿ ಘಟ್ಟ ಹತ್ತಿಳಿದ ಮೆಷಿನ್ನಿಗೆ ಮೊದಲು ಆರ್ಕ್ ಕ್ಯಾಲಿಬ್ರೇಷನ್, ಅಂದರೆ ಕಿಡಿಯ ಬಿಸಿಯನ್ನು ಇಲ್ಲಿನ ಗಾಳಿಗೆ ಹೊಂದಿಸುವುದು.

ಪರದೆಯ ಮೇಲೆ '0.01 ಡಿಬಿ' ಬಂತು ಎಂದು ಚಪ್ಪಾಳೆ ತಟ್ಟಬೇಡಿ. ಮೆಷಿನ್ ಚಿತ್ರ ನೋಡಿ ಹೇಳಿದ ಅಂದಾಜು ಅದು. ಬೆಳಕು ಹಾಯಿಸಿ ಅಳೆದದ್ದಲ್ಲ. ನಿಜ ತಿಳಿಯಬೇಕಾದರೆ ಓಟಿಡಿಆರ್ ಎಂಬ ಅಳತೆಯ ಉಪಕರಣ ಬೇಕು. ಇದು ಬೆಳಕಿನ ಮಿಡಿತ ಕಳಿಸಿ, ಗಾಜಿನೊಳಗೆ ಚದುರಿ ಹಿಂದಕ್ಕೆ ಬಂದದ್ದನ್ನು ಓದುತ್ತದೆ. ಇದಕ್ಕೂ ಅಳೆಯುವ ಫೈಬರಿಗೂ ಮಧ್ಯೆ ಒಂದು ಕಿಲೋಮೀಟರ್ ಫೈಬರ್ ಸುರುಳಿ ಸೇರಿಸಿಕೊಳ್ಳಿ. ಇಲ್ಲದಿದ್ದರೆ ಎದುರು ಗಾಡಿಯ ಹೈಬೀಮ್ ಕಣ್ಣಿಗೆ ಹೊಡೆದ ಹಾಗೆ, ಮೊದಲ ಕನೆಕ್ಟರಿನ ಪ್ರತಿಫಲನಕ್ಕೆ ಉಪಕರಣ ಕುರುಡಾಗುತ್ತದೆ. ಹತ್ತಿರದ ಜಾಯಿಂಟ್ ಕಾಣುವುದೇ ಇಲ್ಲ.

ಪ್ರತಿ ಬ್ಯಾಚಿನಲ್ಲೂ ಒಬ್ಬರು ಓಡಿ ಬರುತ್ತಾರೆ: 'ಸರ್, ಜಾಯಿಂಟ್ ಆದಮೇಲೆ ಬೆಳಕು ಜಾಸ್ತಿ ಆಗಿದೆ!' ಆಗಿಲ್ಲ. ಎರಡನೇ ಫೈಬರ್ ಬೆಳಕನ್ನು ಹಿಂದಕ್ಕೆ ಸ್ವಲ್ಪ ಹೆಚ್ಚು ಕಳಿಸುತ್ತಿದೆ, ಅಷ್ಟೇ. ಆ ಕಡೆಯಿಂದ ಅಳೆದರೆ ಅದೇ ಜಾಯಿಂಟ್ ಕೆಟ್ಟದಾಗಿ ಕಾಣುತ್ತದೆ. ಈ ಕಡೆಯಿಂದ 0.05 ಲಾಭ, ಆ ಕಡೆಯಿಂದ 0.11 ನಷ್ಟ ಬಂದರೆ ನಿಜವಾದ ನಷ್ಟ ಎರಡರ ಸರಾಸರಿ, 0.03 ಡಿಬಿ.

1310 ಮತ್ತು 1550 ನ್ಯಾನೋಮೀಟರ್ ಎರಡರಲ್ಲೂ ಅಳೆಯಿರಿ. 1550ರಲ್ಲಿ ಮಾತ್ರ ನಷ್ಟ ಎದ್ದು ಕಂಡರೆ ಮೊದಲು ಅನುಮಾನಿಸಬೇಕಾದ್ದು ಫೈಬರಿನ ಬಾಗನ್ನು. ಒಮ್ಮೆ ಒಬ್ಬ ಹುಡುಗಿ ಇದನ್ನು ನೋಡದೆ ಒಂದೇ ಜಾಯಿಂಟನ್ನು ಮೂರು ಸಲ ಕತ್ತರಿಸಿ ಬೆಸೆದಳು. ನಷ್ಟ ಕದಲಲಿಲ್ಲ. ಕೊನೆಗೆ ಫೈಬರ್ ಸುತ್ತಿಡುವ ಟ್ರೇ ಮುಚ್ಚಳ ತೆಗೆದರೆ, ಮೂಲೆಯಲ್ಲಿ ಫೈಬರ್ ಬಿಗಿಯಾಗಿ ಮಡಚಿ ಕೂತಿತ್ತು. ಬೆರಳಿಂದ ಸುರುಳಿ ಸಡಿಲಿಸಿದಳು. ಪರದೆಯ ಗೆರೆ ಮಟ್ಟಸವಾಯಿತು. ಕತ್ತರಿಸಿ ಎಸೆದ ಜಾಯಿಂಟುಗಳು ಸರಿಯಾಗಿಯೇ ಇದ್ದವು.