ಟ್ರ್ಯಾಕ್ಟರ್ ಬ್ಯಾಟರಿ: ಬಾಳಿಕೆ, ಪರೀಕ್ಷೆ, ಬದಲಾವಣೆ (ಮೆಕ್ಯಾನಿಕ್ ಟ್ರ್ಯಾಕ್ಟರ್ ಕಲಿಯುವವರಿಗೆ ಟಿಪ್ಪಣಿ)

ಕಾಲುವೆಗೆ ನೀರು ಬಿಟ್ಟ ವಾರ ಸಿಂಧನೂರು, ಕಾರಟಗಿ, ಸಿರುಗುಪ್ಪದ ಬ್ಯಾಟರಿ ಅಂಗಡಿಗಳಲ್ಲಿ ಕೈಗೆ ಬಿಡುವಿರುವುದಿಲ್ಲ. ಗದ್ದೆ ಹದ ಮಾಡಲು ಕೇಜ್‌ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಗಾಲಿ) ಕಟ್ಟಿ ಕೀ ತಿರುಗಿಸಿದರೆ ಸೆಲ್ಫ್ (ಇಂಜಿನ್ ಸ್ಟಾರ್ಟ್ ಮಾಡುವ ಮೋಟರು) 'ಟಕ್' ಅಂದು ಸುಮ್ಮನಾಗುತ್ತದೆ. ಬಂದವರೆಲ್ಲರದೂ ಒಂದೇ ಮಾತು: "ಬ್ಯಾಟರಿ ಹೋಗೇತ್ರಿ, ಹೊಸದು ಕೊಡ್ರಿ." ಮೆಕ್ಯಾನಿಕ್ ಆಗುವವರು ಹೊಸದನ್ನು ಕೊಡುವ ಮುಂಚೆ ಎರಡು ಪ್ರಶ್ನೆ ಹಾಕಿಕೊಳ್ಳಬೇಕು. ಹೋದದ್ದು ಬ್ಯಾಟರಿಯೋ, ಕೇಬಲ್ಲೋ, ಡೈನಮೋವೋ? ಬ್ಯಾಟರಿಯೇ ಆದರೆ, ಅದು ಹೋದದ್ದು ಯಾವಾಗ? ಎರಡನೆಯದಕ್ಕೆ ನಮ್ಮ ಭಾಗದಲ್ಲಿ ಉತ್ತರ ಹೆಚ್ಚಾಗಿ ಮೇ ತಿಂಗಳು. ಗಾಡಿ ಕೆಲಸವಿಲ್ಲದೆ ತಗಡಿನ ಶೆಡ್ಡಿನಲ್ಲಿ ನಿಂತಿದ್ದಾಗ. ಜುಲೈನಲ್ಲಿ ಗೊತ್ತಾಗುತ್ತದೆ, ಅಷ್ಟೆ.

ಒಳಗೆ ಏನಿದೆ

12 ವೋಲ್ಟ್ ಬ್ಯಾಟರಿ ಅಂದರೆ ಸಾಲಾಗಿ ಜೋಡಿಸಿದ ಆರು ಸೆಲ್. ಪೂರ್ತಿ ಚಾರ್ಜ್ ಆದಾಗ ಒಂದೊಂದು ಸೆಲ್ ಸುಮಾರು 2.1 ವೋಲ್ಟ್ ಕೊಡುತ್ತದೆ. ಪಾಸಿಟಿವ್ ಪ್ಲೇಟಿನಲ್ಲಿ ಸೀಸದ ಡೈಆಕ್ಸೈಡ್, ನೆಗೆಟಿವ್ ಪ್ಲೇಟಿನಲ್ಲಿ ಸ್ಪಂಜಿನಂಥ ಸೀಸ, ನಡುವೆ ನೀರು ಬೆರೆಸಿದ ಗಂಧಕಾಮ್ಲ. ಕರೆಂಟ್ ತೆಗೆದಂತೆ ಆಮ್ಲದಲ್ಲಿದ್ದ ಸಲ್ಫೇಟ್ ಎರಡೂ ಪ್ಲೇಟುಗಳಿಗೆ ಹೋಗಿ ಕೂರುತ್ತದೆ, ಉಳಿದ ದ್ರಾವಣ ತೆಳುವಾಗುತ್ತದೆ. ಚಾರ್ಜ್ ಮಾಡಿದರೆ ಸಲ್ಫೇಟ್ ವಾಪಸು ದ್ರಾವಣಕ್ಕೆ ಬರುತ್ತದೆ. ಹೈಡ್ರೋಮೀಟರ್ (ದ್ರಾವಣದ ಸಾಂದ್ರತೆ, ಅಂದರೆ ಗ್ರ್ಯಾವಿಟಿ, ಅಳೆಯುವ ಸಾಧನ) ಯಾಕೆ ಕೆಲಸ ಮಾಡುತ್ತದೆ, ಡೌನ್ ಆದ ಬ್ಯಾಟರಿಗೆ ಆಸಿಡ್ ಯಾಕೆ ಹಾಕಬಾರದು ಎಂಬ ಎರಡಕ್ಕೂ ಉತ್ತರ ಈ ಒಂದು ಸಂಗತಿಯಲ್ಲೇ ಇದೆ. ಆಮ್ಲ ಎಲ್ಲಿಗೂ ಹೋಗಿಲ್ಲ, ಪ್ಲೇಟಿನ ಮೇಲಿದೆ. ಮೇಲಿಂದ ಇನ್ನಷ್ಟು ಸುರಿದರೆ ಮೀಟರಿನ ಅಂಕಿ ಏರುತ್ತದೆ, ಬ್ಯಾಟರಿಗೆ ಶಕ್ತಿ ಬರುವುದಿಲ್ಲ, ಪ್ಲೇಟು ಬೇಗ ಸವೆಯುತ್ತದೆ.

75 ಎಎಚ್ ಅಂದರೆ ಎಷ್ಟು

35ರಿಂದ 50 ಎಚ್‌ಪಿ ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ ಕಾಣುವುದು 75 ಅಥವಾ 88 ಎಎಚ್ (ಆಂಪಿಯರ್-ಅವರ್) ಬ್ಯಾಟರಿ. 75 ಎಎಚ್ ಎಂಬುದು 20 ಗಂಟೆಯ ಲೆಕ್ಕ: 3.75 ಆಂಪಿಯರ್‌ನಂತೆ 20 ಗಂಟೆ ತೆಗೆದರೆ ವೋಲ್ಟೇಜ್ 10.5ಕ್ಕೆ ಇಳಿಯುತ್ತದೆ. 20 ಆಂಪಿಯರ್‌ನಂತೆ ಎಳೆದರೆ ಪೂರ್ತಿ 75 ಸಿಗುವುದಿಲ್ಲ. ಬೇಗ ಎಳೆದಷ್ಟೂ ಸಿಗುವುದು ಕಡಿಮೆ.

ಈಗ ಒಂದು ಲೆಕ್ಕ. ಸೆಲ್ಫ್ 250 ಆಂಪಿಯರ್ ಎಳೆಯುತ್ತದೆ, 5 ಸೆಕೆಂಡ್ ಹೊಡೆದಿರಿ ಅಂದುಕೊಳ್ಳಿ. 250 × 5 ÷ 3600 = 0.35 ಎಎಚ್. ಇಷ್ಟೇ. ಡೈನಮೋ (ಈಗಿನದು ಆಲ್ಟರ್ನೇಟರ್, ಆದರೂ ಊರಲ್ಲೆಲ್ಲ ಡೈನಮೋ ಅಂತಲೇ ಅನ್ನುತ್ತಾರೆ) ಇದನ್ನು ಕೆಲವೇ ನಿಮಿಷದಲ್ಲಿ ತುಂಬಿಕೊಡುತ್ತದೆ. ಇನ್ನೊಂದು ಕಡೆ, ಇಂಜಿನ್ ನಿಲ್ಲಿಸಿ 10 ಆಂಪಿಯರ್ ತಿನ್ನುವ ಡೆಕ್, ಆಂಪ್ಲಿಫೈಯರ್ ಮೂರು ಗಂಟೆ ಹಾಕಿದರೆ 30 ಎಎಚ್ ಖರ್ಚು. ಎಂಬತ್ತಕ್ಕೂ ಹೆಚ್ಚು ಸಲ ಸೆಲ್ಫ್ ಹೊಡೆದದ್ದಕ್ಕೆ ಸಮ. ಜಾತ್ರೆಗೆ, ಮೆರವಣಿಗೆಗೆ ಹೋದ ಟ್ರ್ಯಾಕ್ಟರ್ ಮರುದಿನ ಬೆಳಿಗ್ಗೆ ಮುನಿಸಿಕೊಳ್ಳುವುದು ಇದಕ್ಕೇ. ಹಾಡು ಬೇಕಾದರೆ ಅದಕ್ಕೆ ಬೇರೆ ಬ್ಯಾಟರಿ ಇಡಲಿ. ಸ್ಟಾರ್ಟಿಂಗ್ ಬ್ಯಾಟರಿಯ ತೆಳು ಪ್ಲೇಟು ಪದೇ ಪದೇ ಖಾಲಿಯಾಗುವುದನ್ನು ತಡೆದುಕೊಳ್ಳುವುದಿಲ್ಲ.

ನಮ್ಮ ಬಿಸಿಲಿನಲ್ಲಿ ಹೇಗೆ ಕೆಡುತ್ತದೆ

ನೆನಪಿಡಬೇಕಾದ ನಿಯಮ: ಉಷ್ಣತೆ 10 ಡಿಗ್ರಿ ಏರಿದಂತೆಲ್ಲ ಒಳಗಿನ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಇಮ್ಮಡಿ. ಸುಮ್ಮನಿಟ್ಟ ಬ್ಯಾಟರಿ ತನ್ನಷ್ಟಕ್ಕೆ ಇಳಿಯುವ ವೇಗ ದುಪ್ಪಟ್ಟಾಗುತ್ತದೆ, ಪಾಸಿಟಿವ್ ಪ್ಲೇಟಿನ ಜಾಲರಿ ತಿನ್ನಿಸಿಕೊಳ್ಳುವ ವೇಗವೂ ಅಷ್ಟೇ. ರಾಯಚೂರಿನಲ್ಲಿ ಏಪ್ರಿಲ್-ಮೇ 40 ಡಿಗ್ರಿ ದಾಟುತ್ತದೆ. ತಗಡಿನ ಕೆಳಗೆ, ಬಾನೆಟ್ಟಿನೊಳಗೆ ಇನ್ನೂ ಜಾಸ್ತಿ. ಪುಸ್ತಕದ ಲೆಕ್ಕ 25 ಅಥವಾ 27 ಡಿಗ್ರಿಯದು. ಪುಸ್ತಕದಲ್ಲಿ ಬರೆದ ಬಾಳಿಕೆ ಇಲ್ಲಿ ಸಿಗದಿದ್ದರೆ ಅದು ಕಂಪನಿಯ ಮೋಸವೇ ಆಗಬೇಕಿಲ್ಲ.

ಅರ್ಧ ಇಳಿದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಪ್ಲೇಟಿನ ಮೇಲಿನ ಮೃದು ಸಲ್ಫೇಟ್ ನಿಧಾನಕ್ಕೆ ಗಟ್ಟಿ ಹರಳಾಗುತ್ತದೆ. ಆಮೇಲೆ ಚಾರ್ಜರ್ ಹಾಕಿದರೂ ಅದು ಕರಗುವುದಿಲ್ಲ. ಇದೇ ಸಲ್ಫೇಶನ್, ನಮ್ಮ ಕಡೆ ಮೊದಲ ಶತ್ರು. ಗುರುತು: ಚಾರ್ಜರಿಗೆ ಹಾಕಿದ ಕೂಡಲೇ ವೋಲ್ಟೇಜ್ ಏರುತ್ತದೆ, ಬ್ಯಾಟರಿ ಬಿಸಿಯಾಗುತ್ತದೆ, ಗ್ರ್ಯಾವಿಟಿ ಮಾತ್ರ ಏರುವುದಿಲ್ಲ.

ಎರಡನೆಯದು ಅಲುಗಾಟ. ಎರೆ ಹೊಲದ ಒಣ ಹೆಂಟೆಯ ಮೇಲೆ ರೋಟಾವೇಟರ್ ಹೊಡೆಯುವಾಗ, ಬ್ಯಾಟರಿಯನ್ನು ಟ್ರೇಗೆ ಬಿಗಿಯುವ ಹಿಡಿಕ್ಲಾಂಪ್ ಸಡಿಲವಿದ್ದರೆ ಬ್ಯಾಟರಿ ಟ್ರೇನಲ್ಲಿ ಕುಣಿಯುತ್ತದೆ. ಪ್ಲೇಟಿನ ಲೇಪ ಉದುರಿ ತಳದಲ್ಲಿ ಕೆಸರಾಗಿ ಕೂತು ಒಂದು ಸೆಲ್ ಶಾರ್ಟ್ ಆಗುತ್ತದೆ. ಟ್ಯೂಬಿನ ತುಂಡಿನಿಂದ ಬಿಗಿದು ಕಟ್ಟಿದ ಬ್ಯಾಟರಿಗಳನ್ನು ಬಹಳ ಕಡೆ ನೋಡುತ್ತೀರಿ. ಅದು ಕ್ಲಾಂಪ್ ಅಲ್ಲ. ಕ್ಲಾಂಪನ್ನು ಅತಿಯಾಗಿ ಬಿಗಿದರೂ ಡಬ್ಬಿ ಬಿರುಕು ಬಿಡುತ್ತದೆ.

ಕೆಳಗೆ ಸಿಮೆಂಟಿನ ಮೇಲೆ ಇಟ್ಟರೆ ಬ್ಯಾಟರಿ ಇಳಿಯುತ್ತದೆ ಎನ್ನುವುದು ಹಳೆಯ ರಬ್ಬರ್ ಡಬ್ಬಿಯ ಕಾಲದ ಮಾತು. ಈಗಿನ ಪ್ಲಾಸ್ಟಿಕ್ ಡಬ್ಬಿಗೆ ಹಲಗೆ ಬೇಕಿಲ್ಲ. ಮೇಲ್ಭಾಗದ ಧೂಳು-ಆಸಿಡ್ ಪಸೆ ಮಾತ್ರ ನಿಜಕ್ಕೂ ಎರಡು ಟರ್ಮಿನಲ್ ನಡುವೆ ಸಣ್ಣಗೆ ಕರೆಂಟ್ ಸೋರಿಸುತ್ತದೆ, ಅದನ್ನು ಒರೆಸಿ.

ನೀರು

ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಆರೂ ಮುಚ್ಚಳ ತೆಗೆದು ನೋಡಿ. ದ್ರಾವಣ ಪ್ಲೇಟಿಗಿಂತ 10ರಿಂದ 15 ಮಿ.ಮೀ. ಮೇಲಿರಬೇಕು. ಪ್ಲೇಟಿನ ತುದಿ ಗಾಳಿಗೆ ತೆರೆದುಕೊಂಡರೆ ಆ ಭಾಗ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಹಾಕುವುದು ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್‌ವೆಲ್ ನೀರು ಬೇಡವೇ ಬೇಡ. ನಮ್ಮ ಜಿಲ್ಲೆಗಳ ಅಂತರ್ಜಲದಲ್ಲಿ ಲವಣ ಹೆಚ್ಚು, ಕ್ಲೋರೈಡ್ ಮತ್ತು ಕಬ್ಬಿಣ ಪ್ಲೇಟನ್ನು ಕೆಡಿಸುತ್ತವೆ. ಕುಡಿಯುವ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನ್ ನೀರೂ ಡಿಸ್ಟಿಲ್ಡ್ ಅಲ್ಲ. ಚಾರ್ಜ್ ಮಾಡುವ ಮುಂಚೆ ಪ್ಲೇಟು ಮುಳುಗುವಷ್ಟು ಹಾಕಿ, ಚಾರ್ಜ್ ಆದ ಮೇಲೆ ಮಟ್ಟ ಸರಿಮಾಡಿ. ಮೊದಲೇ ತುಂಬಿಸಿದರೆ ಉಬ್ಬಿ ಹೊರಚೆಲ್ಲುತ್ತದೆ.

ನೀರು ಇಳಿಯುವ ರೀತಿಯೇ ರೋಗ ಹೇಳುತ್ತದೆ. ಆರೂ ಸೆಲ್ ಒಂದೇ ಸಮನೆ ಬೇಗ ಬತ್ತಿದರೆ ರೆಗ್ಯುಲೇಟರ್ (ಡೈನಮೋದ ವೋಲ್ಟೇಜನ್ನು ಹಿಡಿತದಲ್ಲಿಡುವ ಭಾಗ) ಹೆಚ್ಚು ಚಾರ್ಜ್ ಕೊಡುತ್ತಿದೆ. ಒಂದು ಸೆಲ್ ಮಾತ್ರ ಬತ್ತಿದರೆ ಆ ಸೆಲ್ ಕೆಟ್ಟಿದೆ, ಇಲ್ಲವೇ ಡಬ್ಬಿ ಸೀಳಿದೆ.

ಪರೀಕ್ಷೆಯ ಕ್ರಮ

ಕಣ್ಣಿನಿಂದ ಶುರು: ಟರ್ಮಿನಲ್ ಮೇಲೆ ಬಿಳಿ-ಹಸಿರು ಹೂವು ಬಂದಿದೆಯೇ, ಕೇಬಲ್ಲಿನ ಕ್ಲಾಂಪನ್ನು ಕೈಯಲ್ಲಿ ತಿರುಗಿಸಿದರೆ ತಿರುಗುತ್ತದೆಯೇ, ಅರ್ಥ್ ಕೇಬಲ್ ಬೋಲ್ಟಿನ ಕೆಳಗೆ ತುಕ್ಕೋ ಬಣ್ಣವೋ ಇದೆಯೇ. ದೂರುಗಳಲ್ಲಿ ದೊಡ್ಡ ಪಾಲು ಇಲ್ಲೇ ಮುಗಿಯುತ್ತದೆ.

ಆಮೇಲೆ ಮಲ್ಟಿಮೀಟರ್, 20 ವೋಲ್ಟ್ ಡಿಸಿ ರೇಂಜಿನಲ್ಲಿ. ಆಗಷ್ಟೇ ಓಡಿದ ಗಾಡಿಯಾದರೆ ಹೆಡ್‌ಲೈಟ್ ಎರಡು ನಿಮಿಷ ಹಾಕಿ ಆರಿಸಿ, ಸ್ವಲ್ಪ ಬಿಟ್ಟು ಅಳೆಯಿರಿ. ಇಲ್ಲದಿದ್ದರೆ ಮೇಲ್ಮೈ ಚಾರ್ಜು ಸುಳ್ಳು ಅಂಕಿ ತೋರಿಸುತ್ತದೆ. 12.6 ಅಂದರೆ ಪೂರ್ತಿ, 12.4 ಮುಕ್ಕಾಲು, 12.2 ಅರ್ಧ, 12.0 ಕಾಲು. 10.5ರ ಆಸುಪಾಸು ನಿಂತು ಚಾರ್ಜ್ ಮಾಡಿದರೂ ಏರದಿದ್ದರೆ ಒಂದು ಸೆಲ್ ಶಾರ್ಟ್ ಆಗಿದೆ, ಲೆಕ್ಕ ಸರಳ: ಆರರಲ್ಲಿ ಐದು.

12.4ಕ್ಕಿಂತ ಕಡಿಮೆ ಇದ್ದರೆ ಮೊದಲು ಚಾರ್ಜ್ ಮಾಡಿ, ಆಮೇಲೆ ಲೋಡ್ ಪರೀಕ್ಷೆ. ಹಸಿದವನನ್ನು ಓಡಿಸಿ ನಿಶ್ಶಕ್ತ ಅಂದಂತಾಗಬಾರದು. ಇಂಜಿನ್ ಸ್ಟಾರ್ಟ್ ಆಗದಂತೆ ಸ್ಟಾಪ್ ನಾಬ್ ಎಳೆದು ಹಿಡಿದು 10 ಸೆಕೆಂಡ್ ಸೆಲ್ಫ್ ಹೊಡೆಯಿರಿ, ಮೀಟರ್ ಬ್ಯಾಟರಿಯ ಪೋಸ್ಟಿನ (ಟರ್ಮಿನಲ್ ಗೂಟದ) ಮೇಲೇ ಇರಲಿ. 9.6 ವೋಲ್ಟಿಗಿಂತ ಕೆಳಗಿಳಿದರೆ ಬ್ಯಾಟರಿ ಸೋತಿದೆ. ಇಳಿಯದೆ ಸೆಲ್ಫ್ ಮಾತ್ರ ನಿಧಾನವಾದರೆ ಬ್ಯಾಟರಿಯನ್ನು ಬಿಡಿ, ಕೇಬಲ್ ಹಿಡಿಯಿರಿ. ಸೆಲ್ಫ್ ಹೊಡೆಯುವಾಗಲೇ ಮೀಟರಿನ ಒಂದು ತುದಿ ನೆಗೆಟಿವ್ ಪೋಸ್ಟಿಗೆ, ಇನ್ನೊಂದು ಇಂಜಿನ್ನಿನ ಬರಿಯ ಲೋಹಕ್ಕೆ: 0.3 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ಕೆಟ್ಟಿದೆ. ಪಾಸಿಟಿವ್ ಪೋಸ್ಟಿನಿಂದ ಸೆಲ್ಫಿನ ದೊಡ್ಡ ಬೋಲ್ಟಿಗೆ 0.5ಕ್ಕಿಂತ ಹೆಚ್ಚಾದರೆ ಆ ಕೇಬಲ್ ಅಥವಾ ಕ್ಲಾಂಪ್ ಕೆಟ್ಟಿದೆ. 250 ಆಂಪಿಯರ್‌ಗೆ 0.5 ವೋಲ್ಟ್ ಅಂದರೆ 125 ವಾಟ್ ಬರೀ ಬಿಸಿಯಾಗಿ ಹೋಗುತ್ತಿದೆ. ಕೈಯಿಟ್ಟರೆ ಸುಡುವ ಜಾಗವೇ ರೋಗದ ಜಾಗ.

ಹೈಡ್ರೋಮೀಟರ್ ಬಳಸುವಾಗ ಲೇಬಲ್ಲಿನ ಅಂಕಿ ನೋಡಿ. ಬಿಸಿ ನಾಡಿಗೆಂದು ಬರುವ ಬ್ಯಾಟರಿಗಳಲ್ಲಿ ಪೂರ್ತಿ ಚಾರ್ಜಿನ ಗ್ರ್ಯಾವಿಟಿ 1.240-1.250ರ ಸುಮಾರಿಗೆ ಇರುತ್ತದೆ, 1.280 ಇಲ್ಲವೆಂದು ಆಸಿಡ್ ಸುರಿಯಬೇಡಿ. 27 ಡಿಗ್ರಿಗಿಂತ ಮೇಲಿನ ಪ್ರತಿ ಡಿಗ್ರಿಗೆ 0.0007 ಕೂಡಿಸಬೇಕು. ದ್ರಾವಣ 42 ಡಿಗ್ರಿ ಇದ್ದು 1.230 ಓದಿದರೆ ನಿಜ ಅಂಕಿ ಸುಮಾರು 1.240. ಸೆಲ್ ಸೆಲ್‌ಗೆ 0.050ರಷ್ಟು ವ್ಯತ್ಯಾಸ ಬಂದು, ಚಾರ್ಜ್ ಆದ ಮೇಲೂ ಹಾಗೇ ಉಳಿದರೆ ಬದಲಿಸುವ ಹೊತ್ತು ಬಂದಿದೆ. ನೀರು ಹಾಕಿದ ಕೂಡಲೇ ಓದಬೇಡಿ, ಬೆರೆಯಲು ಬಿಡಿ.

ಕೊನೆಗೆ ಡೈನಮೋ. ಇಂಜಿನ್ ಸುಮಾರು 1500 ಆರ್‌ಪಿಎಂನಲ್ಲಿರುವಾಗ ಪೋಸ್ಟುಗಳ ನಡುವೆ 13.8ರಿಂದ 14.4 ಬರಬೇಕು. 13.5 ದಾಟದಿದ್ದರೆ ಮೊದಲು ಬೆಲ್ಟ್ ನೋಡಿ. 14.8 ಮೀರಿದರೆ ಹೊಸ ಬ್ಯಾಟರಿ ಹಾಕಿದರೂ ಅದನ್ನೂ ಬೇಯಿಸುತ್ತದೆ.

ಬದಲಿಸುವಾಗ

ಹಳೆಯದರ ಎಎಚ್, ಉದ್ದಗಲ, ಪಾಸಿಟಿವ್ ಎಡಕ್ಕೋ ಬಲಕ್ಕೋ ಎಂಬುದನ್ನು ಬರೆದುಕೊಂಡು ಹೋಗಿ. ಪೋಸ್ಟ್ ಉಲ್ಟಾ ಇದ್ದರೆ ಕೇಬಲ್ ಎಟುಕುವುದಿಲ್ಲ, ಎಳೆದು ಹಾಕಿದರೆ ಬಾನೆಟ್ಟಿಗೆ ತಾಗುತ್ತದೆ. ಟ್ರೇಗೆ ಕೂತರೆ ಸ್ವಲ್ಪ ಹೆಚ್ಚಿನ ಎಎಚ್ ತೊಂದರೆಯಲ್ಲ, ಕಡಿಮೆಯದು ಬೇಡ. ತಯಾರಾದ ತಿಂಗಳು ಕೇಳಿ, ಆರು ತಿಂಗಳು ಅಂಗಡಿಯಲ್ಲಿ ಕೂತದ್ದಾದರೆ ಚಾರ್ಜ್ ಮಾಡಿಸಿಕೊಂಡೇ ಒಯ್ಯಿರಿ. ಡ್ರೈ ಚಾರ್ಜ್ (ಆಸಿಡ್ ಇಲ್ಲದೆ ಒಣದಾಗಿ ಬರುವ) ಬ್ಯಾಟರಿಗೆ ಆಸಿಡ್ ತುಂಬಿದ ಮೇಲೆ ಅರ್ಧ ಗಂಟೆಯಾದರೂ ನೆನೆಯಲು ಬಿಟ್ಟು, ಕಂಪನಿ ಹೇಳಿದಷ್ಟು ಮೊದಲ ಚಾರ್ಜ್ ಕೊಡಬೇಕು. ಸೀಜನ್ ಗದ್ದಲದಲ್ಲಿ ಬಿಟ್ಟುಹೋಗುವ ಹೆಜ್ಜೆ ಇದೇ, ಅದರ ಫಲ ಎರಡನೇ ವರ್ಷ ಗೊತ್ತಾಗುತ್ತದೆ. ವಾರಂಟಿ ಕಾರ್ಡಿನಲ್ಲಿ ಸೀರಿಯಲ್ ನಂಬರ್, ದಿನಾಂಕ, ಸೀಲು ಮೂರೂ ಇರಲಿ.

ಬಿಚ್ಚುವ ಕ್ರಮ:

1. ಇಂಜಿನ್ ನಿಲ್ಲಿಸಿ ಕೀ ತೆಗೆಯಿರಿ. 50 ಎಚ್‌ಪಿ ಮೇಲಿನ ಟ್ರೆಮ್-4 ಹೊಗೆ ನಿಯಮದ ಗಾಡಿಗಳಲ್ಲಿ (2023ರ ಜನವರಿಯಿಂದ ಬಂದವು) ಇಸಿಯು, ಅಂದರೆ ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಇರುತ್ತದೆ. ಕೀ ತೆಗೆದ ಮೇಲೆ ಒಂದೆರಡು ನಿಮಿಷ ಕಾಯಿರಿ.
2. ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್. ಉಲ್ಟಾ ಮಾಡಿದರೆ ಪಾನಾ ಬಾಡಿಗೆ ತಗುಲಿ ಕಿಡಿ ಹಾರುತ್ತದೆ, ಬ್ಯಾಟರಿಯ ಮೇಲೆ ಹೊತ್ತಿಕೊಳ್ಳುವ ಜಲಜನಕ ಇರುತ್ತದೆ.
3. ಟ್ರೇ ಮತ್ತು ಕ್ಲಾಂಪುಗಳನ್ನು ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ತೊಳೆಯಿರಿ. ಬ್ಯಾಟರಿಯ ಮೇಲ್ಭಾಗ ತೊಳೆಯುವಾಗ ಮುಚ್ಚಳ ಬಿಗಿಯಾಗಿರಲಿ, ಸೋಡಾ ಒಳಗೆ ಹೋದರೆ ಆಮ್ಲ ಸಾಯುತ್ತದೆ.
4. ಹೊಸದನ್ನು ಕೂರಿಸಿ ಹಿಡಿಕ್ಲಾಂಪ್ ಹಾಕಿ. ಮೊದಲು ಪಾಸಿಟಿವ್, ಕೊನೆಗೆ ನೆಗೆಟಿವ್. ಗುರುತು ಅಳಿಸಿದ್ದರೆ ದಪ್ಪ ಪೋಸ್ಟ್ ಪಾಸಿಟಿವ್. ಕ್ಲಾಂಪನ್ನು ಸುತ್ತಿಗೆಯಿಂದ ಬಡಿದು ಕೂರಿಸಬಾರದು.
5. ಬಿಗಿದ ಮೇಲೆ ವ್ಯಾಸಲೀನ್ ಸವರಿ. ಮೊದಲೇ ಸವರುವುದಲ್ಲ.

ಓಡುವ ಇಂಜಿನ್ನಿನಿಂದ ಬ್ಯಾಟರಿ ಕಿತ್ತು ಇನ್ನೊಂದು ಟ್ರ್ಯಾಕ್ಟರಿಗೆ ಹಾಕುವ ರೂಢಿಯುಂಟು. ಆ ಕ್ಷಣ ವೋಲ್ಟೇಜ್ ಚಿಮ್ಮಿ ಡೈನಮೋದ ಡಯೋಡ್ ಹೋಗುತ್ತದೆ. ಕೇಬಲ್ ಹಾಕಿ ಸ್ಟಾರ್ಟ್ ಮಾಡಿ: ಪಾಸಿಟಿವ್‌ಗೆ ಪಾಸಿಟಿವ್, ಆಮೇಲೆ ಒಳ್ಳೆಯ ಬ್ಯಾಟರಿಯ ನೆಗೆಟಿವ್, ಕೊನೆಯ ತುದಿ ಡೌನ್ ಆದ ಗಾಡಿಯ ಇಂಜಿನ್ ಲೋಹಕ್ಕೆ, ಬ್ಯಾಟರಿಯಿಂದ ದೂರ.

ಬಿಡುವಿನ ತಿಂಗಳು

ಎರಡನೇ ಬೆಳೆ ಕೊಯ್ಲಾಗಿ ಟ್ರ್ಯಾಕ್ಟರ್ ನಿಂತ ದಿನವೇ ಪೂರ್ತಿ ಚಾರ್ಜ್ ಮಾಡಿ, ನೆಗೆಟಿವ್ ಬಿಚ್ಚಿ, ಸಾಧ್ಯವಾದರೆ ಬ್ಯಾಟರಿ ತೆಗೆದು ಮನೆಯ ನೆರಳಿಗೆ, ಗಾಳಿಯಾಡುವಲ್ಲಿ ಇಡಿ. ತಿಂಗಳಿಗೊಮ್ಮೆ ಚಾರ್ಜ್. ಕರೆಂಟ್ ಎಎಚ್‌ನ ಹತ್ತನೇ ಒಂದು ಪಾಲು ಮೀರಬಾರದು: 75ಕ್ಕೆ 7.5 ಆಂಪಿಯರ್, 4-5 ಇದ್ದರೆ ಇನ್ನೂ ಒಳ್ಳೆಯದು. ಅರ್ಧ ಇಳಿದದ್ದಕ್ಕೆ 37 ಎಎಚ್ ಬೇಕು, ನಷ್ಟ ಸೇರಿಸಿ 45, 7.5ರಂತೆ ಆರು ಗಂಟೆ. ಗಂಟೆಗೊಮ್ಮೆ ತೆಗೆದ ಮೂರು ಗ್ರ್ಯಾವಿಟಿ ಒಂದೇ ಬಂದರೆ ಮುಗಿಯಿತು. ಡಬ್ಬಿ 50 ಡಿಗ್ರಿ ಮುಟ್ಟುವಂತಿದ್ದರೆ ನಿಲ್ಲಿಸಿ, ಸಂಜೆ ಮುಂದುವರಿಸಿ. ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆರಿಸುವುದರಿಂದ ಬ್ಯಾಟರಿ ತುಂಬುವುದಿಲ್ಲ. ಓಡಿಸುವುದಾದರೆ ಅರ್ಧ ಗಂಟೆಯಾದರೂ ಓಡಿಸಿ.

ಬೆನ್ನಿನ ಸ್ಪ್ರೇಯರ್

ಹತ್ತಿ, ಮೆಣಸಿನಕಾಯಿಗೆ ಬಳಸುವ ಬ್ಯಾಟರಿ ಪಂಪಿನಲ್ಲಿ 12 ವೋಲ್ಟ್ 8 ಅಥವಾ 12 ಎಎಚ್ ಸೀಲ್ಡ್ ಬ್ಯಾಟರಿ ಇರುತ್ತದೆ. ಇದಕ್ಕೆ ನೀರಿಲ್ಲ, ಮುಚ್ಚಳ ಕಿತ್ತು ಹಾಕಲೂ ಹೋಗಬೇಡಿ. ಔಷಧಿ ಹೊಡೆದ ರಾತ್ರಿಯೇ ಚಾರ್ಜಿಗೆ ಹಾಕಬೇಕು. ಖಾಲಿ ಮಾಡಿ ಮೂಲೆಗಿಟ್ಟು ಮುಂದಿನ ಹಂಗಾಮಿಗೆ ತೆಗೆದರೆ ಚಾರ್ಜರಿನ ಹಸಿರು ದೀಪ ಹತ್ತೇ ನಿಮಿಷಕ್ಕೆ ಬರುತ್ತದೆ, ಪಂಪು ಒಂದು ಟ್ಯಾಂಕಿಗೂ ಸಾಲುವುದಿಲ್ಲ, ಅದೇ ಸಲ್ಫೇಶನ್. ಲಿಥಿಯಂ ಪ್ಯಾಕಿನ ಪಂಪಿಗೆ ಈ ಚಾರ್ಜರ್ ಹಾಕಬಾರದು, ಅದರದ್ದೇ ಬೇಕು. ದೀರ್ಘಕಾಲ ಇಡುವಾಗ ಅದನ್ನು ಪೂರ್ತಿ ತುಂಬಿಸದೆ ಅರ್ಧದ ಸುಮಾರಿಗೆ ಇಡುವುದು ಒಳ್ಳೆಯದು.

ಹಳೆಯ ಬ್ಯಾಟರಿ, ದೊಡ್ಡದಿರಲಿ ಸಣ್ಣದಿರಲಿ, ಹೊಸದು ಕೊಳ್ಳುವ ಅಂಗಡಿಗೇ ಕೊಟ್ಟು ದರದಲ್ಲಿ ಕಳೆಸಿಕೊಳ್ಳಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದಂತೆ ಅದನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಗುಜರಿಯವನು ಆಸಿಡ್ ಚೆಲ್ಲಿಕೊಡು ಅಂದರೆ ಒಪ್ಪಬೇಡಿ. ಅದರಲ್ಲಿ ಸೀಸ ಕರಗಿರುತ್ತದೆ, ಕಾಲುವೆಗೋ ಬಾವಿಗೋ ಸೇರುತ್ತದೆ. ಮೈಗೆ, ಕಣ್ಣಿಗೆ ಸಿಡಿದರೆ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ.