ಕರಾವಳಿಯ ಮಳೆಗೆ ಸೋಲಾರ್ ಬಿಸಿನೀರು ದಂಡವಾ?

ಪ್ರಶ್ನೆ: ನಮ್ಮ ಮನೆ ಕಾಪು ಹತ್ತಿರ, ಕಡಲಿನಿಂದ ಹೆಚ್ಚು ದೂರ ಇಲ್ಲ. ಮನೆಯಲ್ಲಿ ಐದು ಜನ. ಸೋಲಾರ್ ವಾಟರ್ ಹೀಟರ್ ಹಾಕಿಸುವ ಯೋಚನೆ ಇದೆ. ನಾಲ್ಕು ತಿಂಗಳು ಮಳೆ ಸುರಿಯುವ ಊರಲ್ಲಿ ಅದು ಸುಮ್ನೆ ದಂಡ ಅಂತ ಕೇಳಿದವರೆಲ್ಲ ಹೇಳುತ್ತಾರೆ. ನಿಜವಾ?

ಉತ್ತರ: ದಂಡ ಅಲ್ಲ, ಹಾಕಿಸಿ. ಮಂಗಳೂರು, ಉಡುಪಿ ಕಡೆಯವರು ಯಾವಾಗಲೂ ಕೇಳುವ ಪ್ರಶ್ನೆ ಇದು. ಎಲ್ಲರಿಗೂ ಮಳೆಯದ್ದೇ ಹೆದರಿಕೆ. ನನ್ನನ್ನು ಕೇಳಿದರೆ ನಮ್ಮಲ್ಲಿ ಸೋಲಾರ್ ಹಾಳಾಗುವುದು ಮಳೆಯಿಂದಲ್ಲ, ಉಪ್ಪುಗಾಳಿಯಿಂದ ಮತ್ತು ಅಡ್ಡಾದಿಡ್ಡಿ ಕೂರಿಸುವುದರಿಂದ.

ಮೊದಲು ಮಳೆಯ ಲೆಕ್ಕ. ಮಂಗಳೂರಿನಲ್ಲಿ ವರ್ಷಕ್ಕೆ ಸಾಧಾರಣ 3,500 ಮಿ.ಮೀ.ಗಿಂತ ಜಾಸ್ತಿ ಮಳೆ, ಉಡುಪಿಯಲ್ಲಿ ಇನ್ನೂ ಜಾಸ್ತಿ. ಆದರೆ ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಬಿಸಿನೀರು ನಿಜವಾಗಿ ಹಿತ ಅನಿಸುವ ಡಿಸೆಂಬರ್, ಜನವರಿಯಲ್ಲಿ ನಮ್ಮ ಆಕಾಶ ನಿಚ್ಚಳವಾಗಿರುತ್ತದೆ.

ಇನ್ನೊಂದು ವಿಷಯ ಇದೆ, ಅದನ್ನು ಅಂಗಡಿಯವರು ಹೇಳುವುದು ಕಡಿಮೆ. ನಮ್ಮ ಬಾವಿನೀರು ತಣ್ಣಗಿರುವುದೇ ಇಲ್ಲ, ಸುಮಾರು 27 ಡಿಗ್ರಿ ಇರುತ್ತದೆ. ಸ್ನಾನಕ್ಕೆ 40 ಡಿಗ್ರಿ ಇದ್ದರೆ ಸಾಕು. ಅಂದರೆ 60 ಡಿಗ್ರಿಯ 100 ಲೀಟರ್ ಬಿಸಿನೀರಿಗೆ 150 ಲೀಟರ್ ತಣ್ಣೀರು ಬೆರೆಸಬಹುದು. ಒಟ್ಟು 250 ಲೀಟರ್, 20 ಲೀಟರಿನ ಬಕೆಟ್‌ನಲ್ಲಿ ಹನ್ನೆರಡೂವರೆ ಬಕೆಟ್! ಚಳಿಗಾಲದಲ್ಲಿ ನಲ್ಲಿ ನೀರು 20 ಡಿಗ್ರಿಗೆ ಇಳಿಯುವ ಊರಿನಲ್ಲಿ ಅದೇ 100 ಲೀಟರ್‌ನಿಂದ 200 ಲೀಟರ್ ಮಾತ್ರ ಸಿಗುತ್ತದೆ. ಹಾಗಾಗಿ ಘಟ್ಟದ ಮೇಲಿನವರ ಲೆಕ್ಕ ನಮಗೆ ಬೇಡ.

ನಿಮ್ಮ ಮನೆಯಲ್ಲಿ ಐದೂ ಜನ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ತಲಾ ಒಂದೂವರೆ ಬಕೆಟ್ ಮೀಯುತ್ತೀರಿ ಅಂತಿಟ್ಟುಕೊಳ್ಳಿ. ದಿನಕ್ಕೆ 300 ಲೀಟರ್ ಆಯಿತು. ಅದಕ್ಕೆ 60 ಡಿಗ್ರಿಯ ನೀರು 120 ಲೀಟರ್ ಬೇಕು. 150 ಲೀಟರಿನ ಸೋಲಾರ್ ಧಾರಾಳ ಸಾಕು. ಎಲ್ಲರಿಗೂ ಶವರೇ ಬೇಕು ಅಂದರೆ 200 ಲೀಟರ್ ನೋಡಿ. ದೀಪಾವಳಿಗೆ ನೆಂಟರು ಬರುತ್ತಾರೆ, ನರಕ ಚತುರ್ದಶಿಯ ಬೆಳಗ್ಗೆ ಎಲ್ಲರಿಗೂ ಎಣ್ಣೆ ಸ್ನಾನ ಆಗಬೇಕು ಅಂತ 300 ಲೀಟರಿನದ್ದು ಹಾಕಿಸಬೇಡಿ ಮಾರಾಯ್ರೇ. ನೀರು ತುಂಬುವ ಹಬ್ಬದ ದಿನ ಹೇಗೂ ಹಂಡೆ ತೊಳೆದು, ಹೂ ಮುಡಿಸಿ, ನೀರು ತುಂಬಿಸುತ್ತೀರಲ್ವಾ? ಅವತ್ತಿಗೆ ಹಂಡೆಯೇ ಸರಿ.

ಜೂನ್, ಜುಲೈ, ಆಗಸ್ಟ್ ಮಾತ್ರ ಸೋಲಾರನ್ನು ನಂಬಿ ಕೂರಬೇಡಿ. ಮೋಡದ ಬೆಳಕಿಗೂ ನೀರು ಸ್ವಲ್ಪ ಬೆಚ್ಚಗಾಗುತ್ತದೆ, ಮಳೆ ಎರಡು ದಿನ ಬಿಟ್ಟರೆ ಚೆನ್ನಾಗಿಯೇ ಕಾಯುತ್ತದೆ, ಆದರೆ ಬಿಡದೆ ಹೊಯ್ಯುವ ವಾರದಲ್ಲಿ ಏನೂ ಸಿಗದು. ಬಚ್ಚಲಲ್ಲಿ ಹಂಡೆ ಇದ್ದರೆ ತೆಗೆಸಬೇಡಿ. ಮಳೆಗೆ ಮುಂಚೆ ಒಣಗಿಸಿಟ್ಟ ಮಡಲು, ಗೆರಟೆ, ತೆಂಗಿನ ಸಿಪ್ಪೆ ಆ ಮೂರು ತಿಂಗಳಿಗೆ ಸಾಕಾಗುತ್ತದೆ. ಹಂಡೆ ಇಲ್ಲದವರು ಬಚ್ಚಲಲ್ಲೇ ಸಣ್ಣ ಗೀಸರ್ ಇಟ್ಟು, ಸೋಲಾರಿನ ನೀರು ಅದರ ಮೂಲಕ ಬರುವಂತೆ ಮಾಡಿಸಿಕೊಳ್ಳಿ. ನೀರು ಮೊದಲೇ ಬಿಸಿ ಇದ್ದರೆ ಗೀಸರ್ ತಾನಾಗಿ ಆಫ್ ಇರುತ್ತದೆ. ಬಿಸಿನೀರು ಒಳಗೆ ಬಂದರೆ ಹಾಳಾಗದೆ ತಾಳಿಕೊಳ್ಳುತ್ತದಾ ಅಂತ ಗೀಸರ್ ಕೊಳ್ಳುವಾಗಲೇ ಕೇಳಿ. ಸೋಲಾರ್ ಟ್ಯಾಂಕಿಯೊಳಗೇ ಕರೆಂಟ್ ಕಾಯಿಲ್ ಹಾಕಿಸುವುದು ನನಗೆ ಇಷ್ಟವಿಲ್ಲ. ಒಬ್ಬರ ಸ್ನಾನಕ್ಕೆ ಇಡೀ ಟ್ಯಾಂಕಿ ಕಾಯಿಸಬೇಕಾಗುತ್ತದೆ.

ಈಗ ಉಪ್ಪುಗಾಳಿ. ಕಾಪು, ಮಲ್ಪೆ, ಉಳ್ಳಾಲದ ಕಡೆ ಕಿಟಕಿಯ ಸರಳು ಎಷ್ಟು ಬೇಗ ತುಕ್ಕು ಹಿಡಿಯುತ್ತದೆ ಅಂತ ನಿಮಗೇ ಗೊತ್ತು. ಸೋಲಾರಿನಲ್ಲಿ ಮೊದಲು ಹೋಗುವುದು ಸ್ಟ್ಯಾಂಡಿನ ಬೋಲ್ಟು, ಆಮೇಲೆ ಸ್ಟ್ಯಾಂಡಿನ ಕಾಲು, ಆಮೇಲೆ ಟ್ಯಾಂಕಿಯ ಹೊರಗಿನ ತಗಡು. ಬಣ್ಣ ಬಳಿದ ಕಬ್ಬಿಣದ ಸ್ಟ್ಯಾಂಡ್ ಬೇಡವೇ ಬೇಡ. ದಪ್ಪಗೆ ಗ್ಯಾಲ್ವನೈಸ್ ಮಾಡಿದ್ದು, ಅಂದರೆ ಸತುವಿನ ಲೇಪ ಕೊಟ್ಟದ್ದು, ಅಥವಾ ಸ್ಟೇನ್‌ಲೆಸ್ ಸ್ಟೀಲಿನದ್ದು ಕೇಳಿ. ಬೋಲ್ಟು, ನಟ್ಟು, ಪೈಪಿನ ಕ್ಲಾಂಪು ಎಲ್ಲ ಸ್ಟೇನ್‌ಲೆಸ್ ಇರಲಿ, ಅದರ ಹೆಚ್ಚಿನ ಖರ್ಚು ಏನೂ ಅಲ್ಲ. ಒಳಗಿನ ಟ್ಯಾಂಕಿಗೆ ನಿಮ್ಮ ಬಾವಿನೀರಿನ ಗುಣ ಮುಖ್ಯ. ಹೊಳೆಬಾಯಿಯ ಹತ್ತಿರದ ಬಾವಿಗಳಲ್ಲಿ ಏಪ್ರಿಲ್, ಮೇ ಹೊತ್ತಿಗೆ ನೀರು ಉಪ್ಪಾಗುತ್ತದೆ. ಅಂಥ ನೀರು ಸ್ಟೇನ್‌ಲೆಸ್ ಸ್ಟೀಲಿಗೂ ಸಣ್ಣ ಸಣ್ಣ ತೂತು ಕೊರೆಯುತ್ತದೆ. ನಿಮ್ಮದು ಹಾಗಿದ್ದರೆ ಒಳಗೆ ಗಾಜಿನ ಲೇಪ ಇರುವ ಟ್ಯಾಂಕಿ ವಾಸಿ. ಅದರಲ್ಲಿ ಮೆಗ್ನೀಸಿಯಂ ಆನೋಡ್ ಅಂತ ಒಂದು ಸರಳು ಇರುತ್ತದೆ. ಟ್ಯಾಂಕಿಯ ಬದಲು ತಾನೇ ಸವೆಯುವುದು ಅದರ ಕೆಲಸ. ಅದನ್ನು ಆಗಾಗ ಬಿಚ್ಚಿ ನೋಡಿ, ಸವೆದಿದ್ದರೆ ಬದಲಾಯಿಸಿ.

ಬಿಸಿಲು ಹಿಡಿಯುವ ಭಾಗ ಗಾಜಿನ ಟ್ಯೂಬಿನದ್ದಾ, ತಾಮ್ರದ ಪ್ಲೇಟಿನದ್ದಾ? ಟ್ಯೂಬ್ ಎರಡು ಪದರದ ಗಾಜು, ನಡುವೆ ಗಾಳಿ ಇಲ್ಲ, ಥರ್ಮಾಸ್ ಫ್ಲಾಸ್ಕಿನ ಹಾಗೆ. ಮೋಡದ ದಿನವೂ ಬಿಸಿ ಹಿಡಿದಿಡುತ್ತದೆ, ಬೆಲೆಯೂ ಕಡಿಮೆ. ಪ್ಲೇಟಿನದ್ದು ದುಬಾರಿ, ಆದರೆ ಅದರ ಗಾಜು ಗಟ್ಟಿ. ತೆಂಗಿನ ಮರ ಟೆರೇಸಿಗೆ ಬಾಗಿದ್ದರೆ ನಾನು ಪ್ಲೇಟಿನದ್ದನ್ನೇ ಹೇಳುತ್ತೇನೆ. ಒಂದು ಒಣ ಮಡಲು ಬಿದ್ದರೂ ಟ್ಯೂಬ್ ಉಳಿಯುವುದಿಲ್ಲ. ಮರದ ನೆರಳು ಬೀಳುವ ಜಾಗವಂತೂ ಬೇಡವೇ ಬೇಡ.

ಕೂರಿಸುವಾಗ ಮುಖ ದಕ್ಷಿಣಕ್ಕಿರಲಿ. ನಾವಿರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಅದಕ್ಕಿಂತ ಹತ್ತು ಡಿಗ್ರಿ ಜಾಸ್ತಿ ಓರೆ ಇಟ್ಟರೆ ಚಳಿಗಾಲದ ಬಿಸಿಲು ಚೆನ್ನಾಗಿ ಸಿಗುತ್ತದೆ. ನಮ್ಮ ಕಡೆ ಟೆರೇಸಿಗೆ ಶೀಟಿನ ಮಾಡು ಹಾಕಿಸದ ಮನೆ ಅಪರೂಪ. ತೊಡಕು ಬರುವುದು ಇಲ್ಲೇ. ಸೋಲಾರ್ ಶೀಟಿನ ಹೊರಗೆ ಬಿಸಿಲಲ್ಲಿರಬೇಕು, ತಣ್ಣೀರಿನ ಟ್ಯಾಂಕಿ ಸೋಲಾರ್ ಟ್ಯಾಂಕಿಗಿಂತ ಎತ್ತರದಲ್ಲಿರಬೇಕು. ಪಂಪ್ ಇಲ್ಲದೆ ನೀರು ತಾನಾಗಿ ಇಳಿದು ತುಂಬುವುದೇ ಆ ಎತ್ತರದಿಂದ. ಗಾಳಿ ಹೋಗಲು ಬಿಡುವ ಪೈಪು ತಣ್ಣೀರಿನ ಮಟ್ಟಕ್ಕಿಂತಲೂ ಮೇಲೆ ನಿಲ್ಲಬೇಕು. ಶೀಟ್ ಹಾಕಿಸುವ ಮೊದಲೇ ಸೋಲಾರಿನವರನ್ನು ಕರೆದು ಜಾಗ ತೋರಿಸಿ. ಆಮೇಲೆ ಶೀಟ್ ಕೊರೆದರೆ ಮಳೆಗಾಲ ಪೂರ್ತಿ ಸೋರುತ್ತದೆ.

ಬಿಸಿನೀರಿನ ಲೈನಿಗೆ ಮಾಮೂಲಿ ಪಿವಿಸಿ ಆಗದು, ಬಿಸಿ ತಾಳುವ ಸಿಪಿವಿಸಿ ಬೇಕು, ಬಿಸಿ ಆರದಂತೆ ಮೇಲೆ ಕವಚವೂ ಬೇಕು. ಮುಕ್ಕಾಲು ಇಂಚಿನ ಪೈಪ್ ಹತ್ತು ಮೀಟರ್ ಉದ್ದ ಇದ್ದರೆ ಅದರೊಳಗೇ ಸುಮಾರು ಮೂರು ಲೀಟರ್ ನೀರು ನಿಂತಿರುತ್ತದೆ. ಮೊದಲು ಬರುವ ಆ ತಣ್ಣೀರನ್ನು ಬಕೆಟ್ಟಿಗೆ ಹಿಡಿದರೆ ಮಿಕ್ಸ್ ಮಾಡಲು ಅದೇ ಆಯಿತು.

ಗೃಹಜ್ಯೋತಿಯಲ್ಲಿ ಕರೆಂಟ್ ಉಚಿತ ಇರುವಾಗ ಇದೆಲ್ಲ ಯಾಕೆ ಅನ್ನುತ್ತೀರಾ? ಮೇಲೆ ಹೇಳಿದ 300 ಲೀಟರನ್ನು ಕರೆಂಟಿನಲ್ಲಿ ಕಾಯಿಸಿದರೆ ದಿನಕ್ಕೆ ನಾಲ್ಕೂವರೆ ಯೂನಿಟ್, ತಿಂಗಳಿಗೆ ಸುಮಾರು 135 ಯೂನಿಟ್. 200 ಯೂನಿಟ್ ದಾಟಿದ ತಿಂಗಳು ಇಡೀ ಬಿಲ್ ನೀವೇ ಕಟ್ಟಬೇಕು. ಪಿಎಂ ಸೂರ್ಯ ಘರ್ ಸಬ್ಸಿಡಿ ಇರುವುದು ಕರೆಂಟ್ ಮಾಡುವ ಪ್ಯಾನಲ್‌ಗೆ, ಬಿಸಿನೀರಿನದ್ದಕ್ಕೆ ಅಲ್ಲ. ಸೋಲಾರ್ ಬಿಸಿನೀರು ಇರುವ ಮನೆಗೆ ಬಿಲ್ಲಿನಲ್ಲಿ ಸಣ್ಣ ರಿಯಾಯಿತಿ ಕೊಡುವ ಕ್ರಮ ನಮ್ಮಲ್ಲಿ ಹಿಂದಿನಿಂದ ಇದೆ. ಈಗಿನ ನಿಯಮವನ್ನು ನಿಮ್ಮ ಮೆಸ್ಕಾಂ ಆಫೀಸಿನಲ್ಲಿ ವಿಚಾರಿಸಿ.

ಟ್ಯೂಬಿನದ್ದೇ ಹಾಕಿಸಿದರೆ ಬೇಸಿಗೆಯಲ್ಲಿ ಒಂದು ಎಚ್ಚರಿಕೆ ಬೇಕು. 2019ರ ಮೇ ತಿಂಗಳಂತೆ ತುಂಬೆ, ಬಜೆ ಅಣೆಕಟ್ಟುಗಳಲ್ಲಿ ನೀರು ಇಳಿದು ನಲ್ಲಿ ನೀರು ದಿನವೂ ಬಾರದಿರುವಾಗ, ಅಥವಾ ಬಾವಿ ಬತ್ತಿದಾಗ, ಟ್ಯೂಬ್ ಖಾಲಿಯಾಗಿ ಬಿಸಿಲಿಗೆ ಕಾದು ಕೂತಿರುತ್ತದೆ. ನೀರು ಬಂತು ಅಂತ ಮಟಮಟ ಮಧ್ಯಾಹ್ನ ವಾಲ್ವ್ ತಿರುಗಿಸಿದರೆ ಗಾಜು ಚಟ್ ಅಂತ ಒಡೆಯುತ್ತದೆ. ರಾತ್ರಿ ಪೂರ್ತಿ ಆರಲು ಬಿಟ್ಟು, ಬೆಳಿಗ್ಗೆ ಬಿಸಿಲು ಏರುವ ಮೊದಲು ತುಂಬಿಸಿ.