ಸಂಯೋಜನೆ: ನೆನಪಿನ ನೋಟವನ್ನು ಚಿತ್ರಕ್ಕೆ ಕೂರಿಸುವುದು

ಚಿತ್ರದ ಚೌಕಟ್ಟಿನೊಳಗೆ ಏನು ಎಲ್ಲಿರಬೇಕು, ಎಷ್ಟು ದೊಡ್ಡದಿರಬೇಕು, ಯಾವುದನ್ನು ಕೈಬಿಡಬೇಕು ಅಂತ ತೀರ್ಮಾನಿಸುವುದೇ ಸಂಯೋಜನೆ. ಚಿತ್ರ ಬರೆಯುವವರ ಬಾಯಲ್ಲಿ ಕಾಂಪೊಸಿಷನ್ ಅನ್ನೋದೇ ಜಾಸ್ತಿ. ಎದುರಿಗೆ ಕೂತು ಬರೆಯುವಾಗ ಕಣ್ಣಿಗೆ ಬಿದ್ದದ್ದೆಲ್ಲ ಬೇಕು ಅನ್ನಿಸುತ್ತದೆ. ನೆನಪಿನಿಂದ ಬರೆಯುವಾಗ ಮನಸ್ಸು ಅರ್ಧ ಕೆಲಸ ಮುಗಿಸಿರುತ್ತದೆ. ಎಷ್ಟೋ ವಿವರ ಆಗಲೇ ಉದುರಿಹೋಗಿರುತ್ತವೆ. ಉಳಿದದ್ದೇ ಬಂಡವಾಳ.

ಪಾಂಡವಪುರದ ಕಡೆಯ ಒಂದು ನೋಟ ತೆಗೆದುಕೊಳ್ಳೋಣ. ಚಳಿಗಾಲದ ಸಂಜೆ. ಮುಂದೆ ಕಬ್ಬಿನ ಗದ್ದೆ, ನಡುವೆ ಆಲೆಮನೆ, ಹಿಂದೆ ಕುಂತಿ ಬೆಟ್ಟ. ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಉಳಿದಿರುವುದು ಆಲೆಮನೆಯ ಹೊಗೆ. ತಣ್ಣಗಾದ ಗಾಳಿಯಲ್ಲಿ ಅದು ಮೇಲೇರದೆ ಕಬ್ಬಿನ ಗರಿಗಳ ಮೇಲೆ ಅಡ್ಡಡ್ಡ ಹರಡಿಕೊಳ್ಳುತ್ತದೆ. ಹಾಗಾದರೆ ಚಿತ್ರದಲ್ಲಿ ಒಳ್ಳೆಯ ಜಾಗ ಹೊಗೆಗೇ ಸಿಗಬೇಕು, ಅಲ್ವಾ?

ಆದರೆ ಹೊಗೆಯ ಬಣ್ಣ ಅದರ ಹಿಂದೆ ಏನಿದೆ ಅನ್ನುವುದರ ಮೇಲೆ ನಿಂತಿದೆ. ಮಬ್ಬುಗತ್ತಲ ಬೆಟ್ಟದ ಮುಂದೆ ಅದು ತಿಳಿನೀಲಿಯಾಗಿ ಕಾಣುತ್ತದೆ. ಅದೇ ಹೊಗೆ ಬೆಳಕಿರುವ ಆಕಾಶದ ಮುಂದೆ ಕಂದು. ನೆನಪಿನಲ್ಲಿರುವುದು ನೀಲಿ ಹೊಗೆ ಆದರೆ, ಆಲೆಮನೆಯನ್ನು ಬೆಟ್ಟದ ಮುಂದಕ್ಕೇ ಸರಿಸಬೇಕು. ನಿಜವಾದ ಜಾಗದಲ್ಲಿ ಅದು ಪಕ್ಕಕ್ಕಿದ್ದರೂ ಪರವಾಗಿಲ್ಲ. ನಟ್ಟನಡುವೆ ಬೇಡ. ಸ್ವಲ್ಪ ಎಡಕ್ಕಿಟ್ಟರೆ ಹೊಗೆ ಬಲಕ್ಕೆ ಹರಿಯಲು ಜಾಗ ಸಿಗುತ್ತದೆ. ದೂರದ್ದು ತಿಳಿಯಾಗಿ ಕಾಣುವುದರಿಂದ ಬೆಟ್ಟಕ್ಕೆ ಮುಂದಿನ ಕಬ್ಬಿನಷ್ಟು ಗಾಢ ಬಣ್ಣ ಹಚ್ಚಬಾರದು.

ಇಷ್ಟನ್ನೂ ಬಣ್ಣ ಮುಟ್ಟುವ ಮೊದಲೇ ನೋಡಿಕೊಳ್ಳಬಹುದು. ಬೆಂಕಿಪೊಟ್ಟಣದ ಅಳತೆಯ ಚೌಕಗಳನ್ನು ಹಾಕಿಕೊಂಡು, ಪೆನ್ಸಿಲ್‌ನಲ್ಲಿ ಮೂರೇ ಛಾಯೆ ತುಂಬಿ. ಕಬ್ಬು ಗಾಢ, ಬೆಟ್ಟ ಮಧ್ಯಮ, ಆಕಾಶ ಮತ್ತು ಹೊಗೆ ತಿಳಿ. ಒಂದರಲ್ಲಿ ದಿಗಂತವನ್ನು ಮೇಲಕ್ಕೆ ಏರಿಸಿ, ಇನ್ನೊಂದರಲ್ಲಿ ಕೆಳಕ್ಕೆ ಇಳಿಸಿ. ಆಕಾಶ ಜಾಸ್ತಿಯಾದರೆ ಬೆಟ್ಟ, ಹೊಗೆ ಎರಡೂ ಸಣ್ಣದಾಗುತ್ತವೆ. ಈ ನೋಟಕ್ಕೆ ಅದು ಸರಿಹೊಂದುವುದಿಲ್ಲ ಅನ್ನೋದು ನನ್ನ ಅಭಿಪ್ರಾಯ.

ನೆನಪಿನಿಂದ ಬರೆಯುವುದನ್ನು ಅಭ್ಯಾಸದಿಂದ ಬೆಳೆಸಬಹುದು. 19ನೇ ಶತಮಾನದ ಪ್ಯಾರಿಸ್‌ನಲ್ಲಿ ಲೆಕಾಕ್ ದ ಬ್ವಾಬೊದ್ರಾನ್ ಎಂಬ ಶಿಕ್ಷಕರು ಇದನ್ನೇ ಪಾಠವಾಗಿ ಕಲಿಸುತ್ತಿದ್ದರು. ಚೆನ್ನಾಗಿ ನೋಡು, ಆಮೇಲೆ ಅದು ಎದುರಿಗಿಲ್ಲದಾಗ ಬರೆ ಅನ್ನುವ ಕ್ರಮ. ಶಿಲ್ಪಿ ರೊದಾನ್ ಈ ಶಿಕ್ಷಕರ ಶಿಷ್ಯ.

ಚಿಕ್ಕ ಚೌಕ ಒಪ್ಪಿಗೆಯಾದ ಮೇಲೆ ಜಾಗಕ್ಕೆ ಹೋಗಿ ಬನ್ನಿ. ಬಂಡೆಗಳ ಅಂಚು, ಆಲೆಮನೆಯ ಸೂರಿನ ಇಳಿಜಾರು ನೋಡಿಕೊಳ್ಳಿ. ಫೋಟೊ ಬೇಕಿದ್ದರೂ ಆಮೇಲೆಯೇ. ಮೊದಲೇ ನೋಡಿದರೆ ಕರೆಂಟ್ ಕಂಬ, ತಂತಿ, ನಿಂತ ಟ್ರ್ಯಾಕ್ಟರ್ ಎಲ್ಲ ಸುಮ್ನೆ ಚಿತ್ರದೊಳಗೆ ನುಗ್ಗುತ್ತವೆ.